ಹಳೆ ಕಾರು ಮಾರಿದರೆ ಶೇ. 18 ಜಿಎಸ್‌ಟಿ ಕಟ್ಟಬೇಕೇ? ಸೆಕೆಂಡ್ ಹ್ಯಾಂಡ್ ಕಾರಿನ ಬಗ್ಗೆ ಹರಿದಾಡುವ ಮಾತುಗಳಲ್ಲಿ ನಿಜ ಎಷ್ಟು?

ಮನೆಯವರ ಗ್ರೂಪಿನಲ್ಲೋ ಅಪಾರ್ಟ್‌ಮೆಂಟ್ ಗ್ರೂಪಿನಲ್ಲೋ ಇಂಥ ಸಂದೇಶ ನಿಮಗೂ ಬಂದಿರಬಹುದು: 12 ಲಕ್ಷಕ್ಕೆ ಕೊಂಡ ಕಾರನ್ನು 9 ಲಕ್ಷಕ್ಕೆ ಮಾರಿದರೆ, ನಷ್ಟವಾದ 3 ಲಕ್ಷದ ಮೇಲೂ ಶೇ. 18ರಷ್ಟು ಜಿಎಸ್‌ಟಿ ಕಟ್ಟಬೇಕು, ಎಲ್ಲರಿಗೂ ತಿಳಿಸಿ.

ಇದು ಸುಳ್ಳು. ಆದರೆ ಈ ಸುಳ್ಳಿಗೆ ಹೆದರುವ ಎಷ್ಟೋ ಜನ, ನಿಜವಾಗಿ ಹೆದರಬೇಕಾದ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳುತ್ತಾರೆ. ಕಾರಿನ ಕೀ ಕೊಟ್ಟು, ಹಣ ಎಣಿಸಿಕೊಂಡು ಮನೆಗೆ ಬಂದ ಮೇಲೂ ಆರ್‌ಸಿಯಲ್ಲಿ ಅವರ ಹೆಸರೇ ಉಳಿದಿರುತ್ತದೆ. ಆ ಕಾರು ನಾಳೆ ಯಾರಿಗಾದರೂ ಡಿಕ್ಕಿ ಹೊಡೆದರೆ ಕೋರ್ಟಿನ ನೋಟಿಸ್ ಬರುವುದು ಇವರ ಮನೆಗೇ.

ನಮ್ಮ ದೇಶದಲ್ಲಿ 2024-25ರ ಆರ್ಥಿಕ ವರ್ಷದಲ್ಲಿ ಸುಮಾರು 43 ಲಕ್ಷ ಹೊಸ ಪ್ರಯಾಣಿಕ ವಾಹನಗಳು ಮಾರಾಟವಾದವು. ಉದ್ಯಮದ ಅಂದಾಜಿನಂತೆ ಕೈ ಬದಲಾಯಿಸಿದ ಹಳೆ ಕಾರುಗಳ ಸಂಖ್ಯೆ ಇದಕ್ಕಿಂತ ಹೆಚ್ಚು. ಇಷ್ಟು ಜನ ಸೇರುವ ಮಾರುಕಟ್ಟೆಯಲ್ಲಿ ಸುಳ್ಳು ಸಂದೇಶಗಳೂ ಹೆಚ್ಚು. ಹೆಚ್ಚಾಗಿ ಹರಿದಾಡುವ ಕೆಲವನ್ನು ಒಂದೊಂದಾಗಿ ನೋಡೋಣ.

ಆತುರದಲ್ಲಿ ಇರುವವರಿಗೆ

- ನಿಮ್ಮ ಸ್ವಂತ ಬಳಕೆಯ ಕಾರನ್ನು ಮಾರಿದರೆ ಜಿಎಸ್‌ಟಿ ಇಲ್ಲ. ಡೀಲರ್ ಕೂಡ ಕಟ್ಟುವುದು ತನ್ನ ಲಾಭದ ಮೇಲೆ ಮಾತ್ರ.
- ಸಹಿ ಮಾಡಿದ ಫಾರಂ ಕೊಟ್ಟ ಮಾತ್ರಕ್ಕೆ ಮಾಲೀಕತ್ವ ವರ್ಗವಾಗುವುದಿಲ್ಲ. ಆರ್‌ಟಿಒ ದಾಖಲೆಯಲ್ಲಿ ಹೆಸರು ಬದಲಾಗಬೇಕು.
- 15 ವರ್ಷ ದಾಟಿದ ಕಾರು ದೇಶದೆಲ್ಲೆಡೆ ಗುಜರಿಗೆ ಹೋಗಬೇಕು ಎಂಬುದು ತಪ್ಪು.
- ಮೀಟರಿನಲ್ಲಿ ಕಾಣುವ ಕಿಲೋಮೀಟರ್ ಒಂದನ್ನೇ ನಂಬಬೇಡಿ.
- ಮುಖ್ಯ ದಾಖಲೆಗಳನ್ನು ಮುಂಗಡ ಕೊಡುವ ಮೊದಲೇ ನಿಮ್ಮ ಫೋನಿನಲ್ಲೇ ನೋಡಬಹುದು.

ಸಂದೇಶ 1: ಹಳೆ ಕಾರು ಮಾರಿದರೆ ಶೇ. 18 ಜಿಎಸ್‌ಟಿ

ಈ ಗೊಂದಲ ಶುರುವಾದದ್ದು 2024ರ ಡಿಸೆಂಬರ್ 21ರಂದು. ಅಂದು ರಾಜಸ್ಥಾನದ ಜೈಸಲ್ಮೇರ್‌ನಲ್ಲಿ ಜಿಎಸ್‌ಟಿ ಮಂಡಳಿಯ 55ನೇ ಸಭೆ ನಡೆಯಿತು. ಹಳೆ ವಾಹನಗಳ ಮೇಲೆ ಅಲ್ಲಿಯವರೆಗೆ ಎರಡು ದರಗಳಿದ್ದವು. ದೊಡ್ಡ ಕಾರುಗಳಿಗೆ ಶೇ. 18, ಸಣ್ಣ ಕಾರು ಮತ್ತು ಎಲೆಕ್ಟ್ರಿಕ್ ವಾಹನಗಳಿಗೆ ಶೇ. 12. ಎಲ್ಲಕ್ಕೂ ಒಂದೇ ದರ ಇರಲಿ, ಶೇ. 18 ಮಾಡೋಣ ಎಂದು ಮಂಡಳಿ ಶಿಫಾರಸು ಮಾಡಿತು. 2025ರ ಜನವರಿಯಲ್ಲಿ ಅದು ಜಾರಿಗೆ ಬಂತು.

ಸಂದೇಶದಲ್ಲಿ ಬಿಟ್ಟುಹೋದ ಎರಡು ವಿಷಯಗಳಿವೆ.

ಮೊದಲನೆಯದು, ಈ ತೆರಿಗೆ ಜಿಎಸ್‌ಟಿ ನೋಂದಣಿ ಇರುವವರಿಗೆ, ಅಂದರೆ ವ್ಯಾಪಾರವಾಗಿ ಮಾರುವವರಿಗೆ. ನೀವು ನಿಮ್ಮ ಕಾರನ್ನು ಪಕ್ಕದ ಮನೆಯವರಿಗೆ ಕೊಟ್ಟರೆ, ಊರಿನ ಪರಿಚಿತರಿಗೆ ಕೊಟ್ಟರೆ, ಡೀಲರ್‌ಗೇ ಕೊಟ್ಟರೂ ನೀವು ಜಿಎಸ್‌ಟಿ ಕಟ್ಟಬೇಕಿಲ್ಲ.

ಎರಡನೆಯದು, ಡೀಲರ್ ಕಟ್ಟುವುದು ಪೂರ್ತಿ ಬೆಲೆಯ ಮೇಲಲ್ಲ, ಕೊಂಡ ಬೆಲೆ ಮತ್ತು ಮಾರಿದ ಬೆಲೆಯ ನಡುವಿನ ವ್ಯತ್ಯಾಸದ ಮೇಲೆ. ಡೀಲರ್ ನಿಮ್ಮಿಂದ 4 ಲಕ್ಷಕ್ಕೆ ಕೊಂಡು 4.5 ಲಕ್ಷಕ್ಕೆ ಮಾರಿದರು ಎನ್ನೋಣ. ವ್ಯತ್ಯಾಸ 50 ಸಾವಿರ, ಅದರ ಶೇ. 18 ಅಂದರೆ 9 ಸಾವಿರ. ಅದೇ ಕಾರು 3.8 ಲಕ್ಷಕ್ಕೆ ಹೋದರೆ ಲಾಭವೇ ಇಲ್ಲ, ತೆರಿಗೆಯೂ ಇಲ್ಲ.

ವ್ಯಾಪಾರಕ್ಕೆ ಕಾರು ಬಳಸಿ, ಆದಾಯ ತೆರಿಗೆಯಲ್ಲಿ ಸವಕಳಿ ತೋರಿಸಿದ ಜಿಎಸ್‌ಟಿ ನೋಂದಣಿದಾರರಿಗೆ ಲೆಕ್ಕ ಸ್ವಲ್ಪ ಬೇರೆ. ಸವಕಳಿ ಕಳೆದು ಪುಸ್ತಕದಲ್ಲಿ ಉಳಿದ ಮೌಲ್ಯ 5 ಲಕ್ಷ, ಮಾರಿದ್ದು 6 ಲಕ್ಷಕ್ಕೆ ಎಂದಾದರೆ, 1 ಲಕ್ಷದ ಮೇಲೆ 18 ಸಾವಿರ ತೆರಿಗೆ. ಪುಸ್ತಕದ ಮೌಲ್ಯಕ್ಕಿಂತ ಕಡಿಮೆಗೆ ಮಾರಿದರೆ ಇವರಿಗೂ ಇಲ್ಲ. ಪತ್ರಿಕಾಗೋಷ್ಠಿಯ ಚಿಕ್ಕ ವಿಡಿಯೋ ತುಣುಕು ಹರಿದಾಡುವಾಗ ಈ ವ್ಯತ್ಯಾಸಗಳೆಲ್ಲ ಕಳೆದುಹೋದವು. 'ಮಾರ್ಜಿನ್' ಎಂಬ ಪದವನ್ನು ಜನ 'ನಷ್ಟ' ಎಂದು ಓದಿಕೊಂಡರು.

ಹಣದ ವಿಷಯದಲ್ಲಿ ಇನ್ನೊಂದು ನಿಯಮ ನೆನಪಿರಲಿ. ಒಂದು ವ್ಯವಹಾರದಲ್ಲಿ 2 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚನ್ನು ನಗದಾಗಿ ಪಡೆಯುವಂತಿಲ್ಲ. ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಬ್ಯಾಂಕ್ ಮೂಲಕ ಪಡೆದರೆ ನಿಮಗೂ ಸಾಕ್ಷಿ ಇರುತ್ತದೆ.

ಸಂದೇಶ 2: 29, 30ಕ್ಕೆ ಸಹಿ ಹಾಕಿ ಕೊಟ್ಟರೆ ನಿಮ್ಮ ಹೊಣೆ ಮುಗಿಯಿತು

ಇದು ವಾಟ್ಸಾಪ್‌ಗಿಂತ ಬ್ರೋಕರ್‌ಗಳ ಬಾಯಲ್ಲಿ ಹೆಚ್ಚು ಕೇಳುವ ಮಾತು. ಖಾಲಿ ಫಾರಂ 29 ಮತ್ತು 30ಕ್ಕೆ ಸಹಿ ಹಾಕಿಸಿಕೊಂಡು, ಪಾರ್ಟಿ ಸಿಕ್ಕ ಮೇಲೆ ಅವರ ಹೆಸರಿಗೆ ಮಾಡಿಸುತ್ತೇವೆ ಎನ್ನುತ್ತಾರೆ. ಕಾರು ಒಬ್ಬರಿಂದ ಇನ್ನೊಬ್ಬರಿಗೆ, ಅವರಿಂದ ಮತ್ತೊಬ್ಬರಿಗೆ ಹೋಗುತ್ತದೆ. ದಾಖಲೆಯಲ್ಲಿ ಮಾತ್ರ ನಿಮ್ಮ ಹೆಸರು ಕದಲುವುದಿಲ್ಲ.

2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಇಂಥದೇ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಆ ಕಾರು ಹಲವು ಕೈ ದಾಟಿತ್ತು. 2009ರಲ್ಲಿ ಅಪಘಾತವಾದಾಗ ಅದು ಕೊನೆಯ ಖರೀದಿದಾರರ ಬಳಿ ಇತ್ತು, ಆದರೆ ನೋಂದಣಿ ಮೊದಲ ಮಾಲೀಕರ ಹೆಸರಿನಲ್ಲೇ ಉಳಿದಿತ್ತು. ನಾನು ಮಾರಿ ಎಷ್ಟೋ ಕಾಲವಾಯಿತು ಎಂಬ ವಾದ ನಿಲ್ಲಲಿಲ್ಲ. ಮೋಟಾರು ವಾಹನ ಕಾಯ್ದೆಯ ಪ್ರಕಾರ ಯಾರ ಹೆಸರಿನಲ್ಲಿ ನೋಂದಣಿ ಇದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆಯೂ ಅವರದೇ ಎಂದು ಕೋರ್ಟ್ ಹೇಳಿತು. ಅಪಘಾತದಲ್ಲಿ ನೊಂದ ಕುಟುಂಬ ಕಾರು ಯಾರಿಂದ ಯಾರಿಗೆ ಹೋಯಿತು ಎಂದು ಹುಡುಕಿಕೊಂಡು ಅಲೆಯುವಂತೆ ಆಗಬಾರದು ಎಂಬುದು ಇದರ ಹಿಂದಿನ ಕಾಳಜಿ.

ಪೊಲೀಸ್ ತನಿಖೆಯಲ್ಲೂ ಇದೇ ಕ್ರಮ. 2025ರ ನವೆಂಬರ್ 10ರಂದು ದೆಹಲಿಯ ಕೆಂಪುಕೋಟೆ ಬಳಿ ಸ್ಫೋಟಗೊಂಡ ಕಾರು ಹಲವು ಬಾರಿ ಮಾರಾಟವಾಗಿತ್ತು. ನೋಂದಣಿ ಸಂಖ್ಯೆ ಹಿಡಿದು ಹೊರಟ ಪೊಲೀಸರು ಮೊದಲು ವಿಚಾರಣೆ ಮಾಡಿದ್ದು ಅದನ್ನು ಎಂದೋ ಮಾರಿದ್ದ ಹಳೆಯ ಮಾಲೀಕರನ್ನು.

ಹಾಗಾದರೆ ಸರಿಯಾದ ದಾರಿ ಯಾವುದು?

ಮಾರುವವರು ಫಾರಂ 29ರಲ್ಲಿ ಆರ್‌ಟಿಒಗೆ 14 ದಿನಗಳೊಳಗೆ ಮಾಹಿತಿ ಕೊಡಬೇಕು. ಕೊಳ್ಳುವವರು 30 ದಿನಗಳೊಳಗೆ ವರ್ಗಾವಣೆಗೆ ಅರ್ಜಿ ಹಾಕಬೇಕು. ಫಾರಂ 30 ಇಬ್ಬರ ಸಹಿ ಇರುವ ಅರ್ಜಿ. ಕಾರು ಹೊರ ರಾಜ್ಯಕ್ಕೆ ಹೋಗುವುದಾದರೆ ಫಾರಂ 28ರಲ್ಲಿ ಎನ್‌ಒಸಿ ಬೇಕು. ಸಾಲ ಇದ್ದು ತೀರಿಸಿದ್ದರೆ ಬ್ಯಾಂಕಿನ ಪತ್ರ ಮತ್ತು ಫಾರಂ 35 ಕೊಟ್ಟು ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸಬೇಕು. ಸಾಲ ತೀರಿದ ತಕ್ಷಣ ಈ ಹೆಸರು ತಾನಾಗಿಯೇ ಹೋಗುತ್ತದೆ ಎಂದುಕೊಂಡು ಕೈಕಟ್ಟಿ ಕೂರಬೇಡಿ.

ಡೀಲರ್‌ಗೆ ಮಾರುವವರಿಗೆ 2023ರ ಏಪ್ರಿಲ್ 1ರಿಂದ ಒಂದು ರಕ್ಷಣೆ ಇದೆ. ಹಳೆ ವಾಹನ ಕೊಂಡು ಮಾರುವ ಡೀಲರ್‌ಗಳು ಸಾರಿಗೆ ಇಲಾಖೆಯ ನೋಂದಣಿ ಪ್ರಾಧಿಕಾರದಿಂದ ಅಧಿಕೃತ ಪತ್ರ ಪಡೆಯಬೇಕು. ಅದರ ಅವಧಿ 5 ವರ್ಷ. ಅಧಿಕೃತ ಡೀಲರ್‌ಗೆ ಕಾರು ಒಪ್ಪಿಸಿದ್ದನ್ನು ಪೋರ್ಟಲ್‌ನಲ್ಲಿ ದಾಖಲಿಸಿದರೆ, ಅಲ್ಲಿಂದ ಮುಂದೆ ಡೀಲರ್‌ರನ್ನೇ ಮಾಲೀಕರೆಂದು ಪರಿಗಣಿಸಲಾಗುತ್ತದೆ. ಡೀಲರ್ ಟೆಸ್ಟ್ ಡ್ರೈವ್, ರಿಪೇರಿಗೆ ಒಯ್ದ ಓಡಾಟದ ಲೆಕ್ಕವನ್ನೂ ಇಡಬೇಕು. ಆದ್ದರಿಂದ ಡೀಲರ್ ಬಳಿ ಮೊದಲು ಕೇಳಬೇಕಾದ ಪ್ರಶ್ನೆ ಎಷ್ಟು ಕೊಡ್ತೀರಿ ಎಂಬುದಲ್ಲ. ನಿಮ್ಮ ಅಧಿಕೃತ ಪತ್ರ ತೋರಿಸಿ ಎಂಬುದು. ಪ್ರಾಮಾಣಿಕ ಡೀಲರ್‌ಗೂ ಇದು ಒಳ್ಳೆಯದೇ. ಎನ್‌ಒಸಿ, ಆರ್‌ಸಿ ನವೀಕರಣ, ಹೆಸರು ವರ್ಗಾವಣೆಗೆ ಹಳೆಯ ಮಾಲೀಕರ ಹಿಂದೆ ಓಡಾಡದೆ ಅವರೇ ಅರ್ಜಿ ಹಾಕಬಹುದು.

ಸಂದೇಶ 3: ಇನ್ಶೂರೆನ್ಸ್ ಕಾರಿನ ಜೊತೆಗೇ ಬರುತ್ತದೆ

ಅರ್ಧ ಸತ್ಯ. ಥರ್ಡ್ ಪಾರ್ಟಿ ವಿಮೆ, ಅಂದರೆ ನಿಮ್ಮ ಕಾರಿನಿಂದ ಇತರರಿಗೆ ಆಗುವ ಹಾನಿಗೆ ಇರುವ ವಿಮೆ, ಕಾನೂನಿನ ಪ್ರಕಾರ ಹೊಸ ಮಾಲೀಕರಿಗೆ ಮುಂದುವರಿಯುತ್ತದೆ. ಆದರೆ ನಿಮ್ಮದೇ ಕಾರಿನ ಹಾನಿಗೆ ಇರುವ ಭಾಗ ತಾನಾಗಿಯೇ ಬರುವುದಿಲ್ಲ. ಕೊಂಡ 14 ದಿನಗಳೊಳಗೆ ವಿಮಾ ಕಂಪನಿಗೆ ತಿಳಿಸಿ ಪಾಲಿಸಿಯನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಇಲ್ಲದಿದ್ದರೆ ಕಾರು ಜಜ್ಜಿಹೋದ ದಿನ ಕ್ಲೇಮ್ ತಿರಸ್ಕಾರವಾಗಬಹುದು.

ನೋ ಕ್ಲೇಮ್ ಬೋನಸ್ ಬಗ್ಗೆಯೂ ತಪ್ಪು ತಿಳಿವಳಿಕೆ ಇದೆ. ಸತತ ಐದು ವರ್ಷ ಕ್ಲೇಮ್ ಮಾಡದಿದ್ದರೆ ಪ್ರೀಮಿಯಂನಲ್ಲಿ ಶೇ. 50ರವರೆಗೆ ಸಿಗುವ ಈ ರಿಯಾಯಿತಿ ವ್ಯಕ್ತಿಗೆ ಸೇರಿದ್ದು, ಕಾರಿಗಲ್ಲ. ಈ ಕಾರಿಗೆ ಅರ್ಧ ಪ್ರೀಮಿಯಂ ಕಟ್ಟಿದರೆ ಸಾಕು ಎಂದು ಹೇಳಿ ಯಾರಾದರೂ ಬೆಲೆ ಏರಿಸಿದರೆ ನಂಬಬೇಡಿ. ಮಾರಿದವರು ಮಾತ್ರ ಅದನ್ನು ವಿಮಾ ಕಂಪನಿಯಿಂದ ಪತ್ರ ಪಡೆದು ತಮ್ಮ ಮುಂದಿನ ಕಾರಿಗೆ ಬಳಸಿಕೊಳ್ಳಬಹುದು. ಹೊಸ ಕಾರು ಕೊಳ್ಳುವ ಎಷ್ಟೋ ಜನ ಇದನ್ನು ಮರೆತು ಸಾವಿರಾರು ರೂಪಾಯಿ ಕಳೆದುಕೊಳ್ಳುತ್ತಾರೆ.

ಸಂದೇಶ 4: 15 ವರ್ಷ ದಾಟಿದ ಕಾರು ಗುಜರಿಗೆ

10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ಕಾರುಗಳ ಮೇಲಿನ ನಿರ್ಬಂಧ ದೆಹಲಿ ಮತ್ತು ಸುತ್ತಲಿನ ರಾಷ್ಟ್ರೀಯ ರಾಜಧಾನಿ ಪ್ರದೇಶಕ್ಕೆ ಸೇರಿದ್ದು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಆದೇಶದಿಂದ ಶುರುವಾಗಿ 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದ ನಿಯಮ ಅದು. 2025ರಲ್ಲಿ ಅದರ ಜಾರಿಯ ಬಗ್ಗೆ ಮತ್ತೆ ವಾದ ನಡೆದು ಆದೇಶಗಳು ಬದಲಾಗಿವೆ. ಕರ್ನಾಟಕಕ್ಕೆ ಅದು ಅನ್ವಯಿಸುವುದಿಲ್ಲ.

ಇಲ್ಲಿ ಖಾಸಗಿ ಕಾರಿನ ಮೊದಲ ನೋಂದಣಿ 15 ವರ್ಷಕ್ಕೆ. ಆಮೇಲೆ ಕಾರು ಪರೀಕ್ಷೆಯಲ್ಲಿ ಪಾಸಾದರೆ ಐದೈದು ವರ್ಷಕ್ಕೆ ನವೀಕರಿಸಬಹುದು. ಆದರೆ ಖರ್ಚು ಏರಿದೆ. 2022ರ ಏಪ್ರಿಲ್‌ನಿಂದ 15 ವರ್ಷ ದಾಟಿದ ಕಾರಿನ ನವೀಕರಣ ಶುಲ್ಕ 600ರಿಂದ 5,000 ರೂಪಾಯಿಗೆ ಏರಿತು. 20 ವರ್ಷ ದಾಟಿದ ಕಾರಿಗೆ 2025ರಲ್ಲಿ ಅದನ್ನು 10,000 ಮಾಡಲಾಯಿತು. ಹಸಿರು ತೆರಿಗೆ ಬೇರೆ. ಹೀಗಾಗಿ 13-14 ವರ್ಷದ ಕಾರು ಕೊಳ್ಳುವವರು ಈ ಖರ್ಚನ್ನು ಬೆಲೆಯಲ್ಲಿ ಈಗಲೇ ಕಳೆದು ಚೌಕಾಸಿ ಮಾಡಬೇಕು.

ಸಂದೇಶ 5: ದೆಹಲಿ ಕಾರು ಅರ್ಧ ಬೆಲೆಗೆ

ಮೇಲಿನ ನಿಯಮದ ಕಾರಣದಿಂದಲೇ ದೆಹಲಿಯ ಹಳೆ ಡೀಸೆಲ್ ಕಾರುಗಳು ಅಲ್ಲಿ ಅಗ್ಗ. ಫೋಟೋ ನೋಡಿದರೆ ಯಾರಿಗಾದರೂ ಆಸೆಯಾಗುತ್ತದೆ. ಆದರೆ ಆ ಬೆಲೆ ಕರ್ನಾಟಕದ ಬೆಲೆಯಲ್ಲ.

ಹೊರ ರಾಜ್ಯದ ಕಾರನ್ನು 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಇಟ್ಟುಕೊಂಡರೆ ಇಲ್ಲಿನ ನೋಂದಣಿ ಸಂಖ್ಯೆ ಪಡೆಯಬೇಕು. ಅದಕ್ಕೆ ಮೂಲ ಆರ್‌ಟಿಒದ ಎನ್‌ಒಸಿ ಬೇಕೇ ಬೇಕು. ಜೊತೆಗೆ ಕರ್ನಾಟಕದ ಜೀವಿತಾವಧಿ ತೆರಿಗೆ. ದೇಶದಲ್ಲೇ ಹೆಚ್ಚು ತೆರಿಗೆ ಇರುವ ರಾಜ್ಯಗಳಲ್ಲಿ ನಮ್ಮದೂ ಒಂದು. ಹೊಸ ದುಬಾರಿ ಕಾರಿಗೆ ಬೆಲೆಯ ಶೇ. 18ರವರೆಗೆ ತೆರಿಗೆ, ಅದರ ಮೇಲೆ ಸೆಸ್. ಕಾರಿಗೆ ವಯಸ್ಸಾದಂತೆ ಈ ತೆರಿಗೆ ಕಡಿಮೆಯಾಗುತ್ತದೆ, ಆದರೆ ಸೊನ್ನೆ ಆಗುವುದಿಲ್ಲ. ಕಾರಿನ ಬೆಲೆ, ಸಾಗಣೆ, ತೆರಿಗೆ, ಓಡಾಟ ಎಲ್ಲ ಕೂಡಿಸಿ ನೋಡಿ. ಇಲ್ಲಿನದೇ ಕೆಎ ನೋಂದಣಿಯ ಕಾರು ಅಷ್ಟೇ ಬೆಲೆಗೆ ಸಿಗುವುದುಂಟು. ಎನ್‌ಒಸಿ ಆಮೇಲೆ ಕಳಿಸ್ತೀವಿ ಎಂದರೆ ಅಲ್ಲಿಗೇ ಮಾತು ನಿಲ್ಲಿಸಿ.

ಸಂದೇಶ 6: ಡಿಜಿಟಲ್ ಮೀಟರ್ ತಿರುಗಿಸಲು ಆಗುವುದಿಲ್ಲ

ಆಗುತ್ತದೆ. ಹಳೆ ಮುಳ್ಳಿನ ಮೀಟರ್ ಬಿಚ್ಚಿ ತಿರುಗಿಸುತ್ತಿದ್ದರು. ಈಗ ಸಾಫ್ಟ್‌ವೇರ್ ಉಪಕರಣದಿಂದ ಅಂಕಿ ಬದಲಿಸುತ್ತಾರೆ.

ಕಾರಿನ ದೇಹ ಮಾತ್ರ ಸುಳ್ಳು ಹೇಳುವುದಿಲ್ಲ. 30 ಸಾವಿರ ಕಿಲೋಮೀಟರ್ ಓಡಿದೆ ಎನ್ನುವ ಕಾರಿನಲ್ಲಿ ಬ್ರೇಕ್ ಪೆಡಲ್‌ನ ರಬ್ಬರ್ ಸವೆದಿದ್ದರೆ, ಸ್ಟೀರಿಂಗ್ ನುಣುಪಾಗಿ ಹೊಳೆಯುತ್ತಿದ್ದರೆ, ಚಾಲಕನ ಸೀಟು ಕುಸಿದಿದ್ದರೆ ಅನುಮಾನ ಪಡಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದ ಟೈರು. 2022ರ ಕಾರು, 20 ಸಾವಿರ ಕಿಲೋಮೀಟರ್ ಅಷ್ಟೇ ಓಡಿದೆ ಎನ್ನುತ್ತಾರೆ, ಆದರೆ ನಾಲ್ಕೂ ಟೈರು 2025ರವು. ಹಾಗಾದರೆ ಹಳೆಯವು ಅಷ್ಟು ಬೇಗ ಏಕೆ ಸವೆದವು ಎಂದು ಕೇಳಿ. ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಕಂಪನಿ ಸರ್ವೀಸ್ ಸೆಂಟರ್‌ನ ದಾಖಲೆ. ಪ್ರತಿ ಸರ್ವೀಸ್‌ನಲ್ಲೂ ಕಿಲೋಮೀಟರ್ ಬರೆದಿರುತ್ತಾರೆ. ಮಾರುವವರನ್ನು ಜೊತೆಗೆ ಕರೆದುಕೊಂಡು ಹೋಗಿ ಅದನ್ನು ಕೇಳಿ ಪಡೆಯಿರಿ.

ಎಂಜಿನ್ ಥಳಥಳ ಹೊಳೆಯುತ್ತಿದ್ದರೆ ಚೆನ್ನಾಗಿ ನೋಡಿಕೊಂಡಿದ್ದಾರೆ ಎನ್ನುವುದೂ ಸರಿಯಲ್ಲ. ಎಣ್ಣೆ ಸೋರಿಕೆ ಕಾಣದಿರಲಿ ಎಂದು ತೊಳೆದಿರಬಹುದು. ಕಾರು ನೋಡಲು ಬೆಳಿಗ್ಗೆ ಹೋಗಿ, ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಕೂಲಂಟ್ ಒಳಗೆ ಸೇರುತ್ತಿರಬಹುದು. ಪೆಟ್ರೋಲ್ ಕಾರಿನಲ್ಲಿ ದಟ್ಟ ಕಪ್ಪು ಹೊಗೆ ಎಂದರೆ ಇಂಧನ ಪೂರ್ತಿ ಉರಿಯುತ್ತಿಲ್ಲ.

ನೀರಲ್ಲಿ ಮುಳುಗಿದ ಕಾರು: ಕಡಿಮೆ ಮಾತಾಡುವ, ಹೆಚ್ಚು ಅಪಾಯದ ವಿಷಯ

2015ರ ಚೆನ್ನೈ ಪ್ರವಾಹದಲ್ಲಿ, 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಪೂರ್ವ ಭಾಗದ ಬಡಾವಣೆಗಳಲ್ಲಿ ದುಬಾರಿ ಕಾರುಗಳೂ ನೀರಲ್ಲಿ ನಿಂತ ಚಿತ್ರಗಳನ್ನು ನೀವು ನೋಡಿದ್ದೀರಿ. ಅಂಥ ಕಾರು ಒಣಗಿ, ತೊಳೆದು, ಪಾಲಿಶ್ ಆಗಿ ದೂರದ ಊರಿನಲ್ಲಿ ಮಾರಾಟಕ್ಕೆ ಬರಬಹುದು. ಮೊದಲ ದಿನ ಎಲ್ಲವೂ ಚೆನ್ನಾಗಿರುತ್ತದೆ. ವೈರಿನ ಜೋಡಣೆಗಳಲ್ಲಿ ಕೂತ ತೇವ ಮತ್ತು ಕೆಸರು ತಿಂಗಳುಗಟ್ಟಲೆ ನಿಧಾನವಾಗಿ ಲೋಹವನ್ನು ತಿನ್ನುತ್ತದೆ. ಆಮೇಲೆ ಒಂದು ದಿನ ಪವರ್ ವಿಂಡೋ ನಿಲ್ಲುತ್ತದೆ, ಇನ್ನೊಂದು ದಿನ ಎಂಜಿನ್ ಆಫ್ ಆಗುತ್ತದೆ. ಏರ್‌ಬ್ಯಾಗ್ ಅಗತ್ಯ ಬಿದ್ದಾಗ ತೆರೆಯದೇ ಹೋಗಬಹುದು. ಅದು ಪ್ರಾಣಕ್ಕೇ ಸಂಬಂಧಿಸಿದ್ದು.

ಗುರುತಿಸುವ ಬಗೆ ಹೀಗೆ:

- ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ಒಳಗಿನ ಭಾಗದಲ್ಲಿ ಕೆಸರಿನ ಗೆರೆ ಅಥವಾ ಬಣ್ಣದ ವ್ಯತ್ಯಾಸ ಇದೆಯೇ ನೋಡಿ.
- ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ, ಅದರ ಗುಂಡಿಯಲ್ಲಿ ಮಣ್ಣು, ತುಕ್ಕು ಹುಡುಕಿ.
- ಮ್ಯಾಟ್ ಎತ್ತಿ ಮೂಸಿ ನೋಡಿ. ಮುಗ್ಗಲು ವಾಸನೆ ಬೇಗ ಹೋಗುವುದಿಲ್ಲ. ಕಾರಿನೊಳಗೆ ಸುಗಂಧ ಅತಿಯಾಗಿದ್ದರೂ ಎಚ್ಚರ.
- ಸೀಟಿನ ಕೆಳಗಿನ ಬೋಲ್ಟ್, ಡ್ಯಾಶ್‌ಬೋರ್ಡ್ ಅಡಿಯ ಲೋಹದ ಭಾಗಗಳಿಗೆ ತುಕ್ಕು ಹಿಡಿದಿದೆಯೇ ನೋಡಿ.
- ವಿಮಾ ಕ್ಲೇಮ್ ಇತಿಹಾಸ ಕೇಳಿ.

ಬೆಲೆ ನಿಜವಾಗಿ ಹೇಗೆ ನಿರ್ಧಾರವಾಗುತ್ತದೆ?

ಹಳೆ ಕಾರಿನ ಬೆಲೆಗೆ ಹೊಸ ಕಾರಿನ ಬೆಲೆಯೇ ಛಾವಣಿ. 2021-22ರಲ್ಲಿ ಚಿಪ್ ಕೊರತೆಯಿಂದ ಹೊಸ ಕಾರಿಗೆ ತಿಂಗಳುಗಟ್ಟಲೆ ಕಾಯಬೇಕಾದಾಗ ಹಳೆ ಕಾರಿನ ಬೆಲೆ ಏರಿತು. 2025ರ ಸೆಪ್ಟೆಂಬರ್ 22ರಂದು ಇದಕ್ಕೆ ಉಲ್ಟಾ ಆಯಿತು. ನಾಲ್ಕು ಮೀಟರ್ ಒಳಗಿನ ಸಣ್ಣ ಪೆಟ್ರೋಲ್ ಕಾರುಗಳ ಮೇಲೆ ಶೇ. 28 ಜಿಎಸ್‌ಟಿ ಮತ್ತು ಶೇ. 1 ಸೆಸ್ ಇದ್ದದ್ದು ಶೇ. 18ಕ್ಕೆ ಇಳಿಯಿತು. ತೆರಿಗೆ ಬಿಟ್ಟು 5 ಲಕ್ಷದ ಕಾರು 6.45 ಲಕ್ಷದಿಂದ 5.90 ಲಕ್ಷಕ್ಕೆ ಬಂತು. ಒಂದು ವರ್ಷ ಓಡಿದ ಅದೇ ಕಾರಿಗೆ ಇನ್ನು 5.80 ಲಕ್ಷ ಯಾರು ಕೊಡುತ್ತಾರೆ? ಮೊದಲೇ ಕೊಂಡು ಸ್ಟಾಕ್ ಇಟ್ಟಿದ್ದ ಡೀಲರ್‌ಗಳಿಗೆ ಇದು ಹೊಡೆತ, ಕೊಳ್ಳುವವರಿಗೆ ಚೌಕಾಸಿಯ ಬಲ. ಆದ್ದರಿಂದ ಎರಡು-ಮೂರು ವರ್ಷದ ಕಾರು ನೋಡುವ ಮೊದಲು ಅದೇ ಮಾಡೆಲ್‌ನ ಇವತ್ತಿನ ಹೊಸ ಬೆಲೆ ಕೇಳಿಕೊಂಡು ಹೋಗಿ. ಮಾಲೀಕರು ಹಿಂದೆ ಎಷ್ಟು ಕೊಟ್ಟು ಕೊಂಡರು ಎಂಬುದು ಈಗ ಮುಖ್ಯವಲ್ಲ.

ವಿಮೆಯಲ್ಲಿ ಕಾರಿನ ಮೌಲ್ಯ ಲೆಕ್ಕ ಹಾಕಲು ಬಳಸುತ್ತ ಬಂದಿರುವ ಸವಕಳಿ ಪಟ್ಟಿ ಒಂದು ಒರಟು ಅಳತೆ ಕೊಡುತ್ತದೆ:

- 6 ತಿಂಗಳವರೆಗೆ: ಶೇ. 5
- 6 ತಿಂಗಳಿಂದ 1 ವರ್ಷ: ಶೇ. 15
- 1ರಿಂದ 2 ವರ್ಷ: ಶೇ. 20
- 2ರಿಂದ 3 ವರ್ಷ: ಶೇ. 30
- 3ರಿಂದ 4 ವರ್ಷ: ಶೇ. 40
- 4ರಿಂದ 5 ವರ್ಷ: ಶೇ. 50

ಇದೇ ಮಾರುಕಟ್ಟೆ ಬೆಲೆ ಅಲ್ಲ. ಬೇಡಿಕೆಯ ಮಾಡೆಲ್ ಇದಕ್ಕಿಂತ ಹೆಚ್ಚಿಗೆ, ತಯಾರಿಕೆ ನಿಂತ ಮಾಡೆಲ್ ಕಡಿಮೆಗೆ ಹೋಗುತ್ತದೆ. ಎಷ್ಟನೇ ಮಾಲೀಕರು, ಯಾವ ತಿಂಗಳ ತಯಾರಿಕೆ ಎಂಬುದೂ ಬೆಲೆ ಬದಲಿಸುತ್ತದೆ. ಡಿಸೆಂಬರ್‌ನಲ್ಲಿ ತಯಾರಾದ ಕಾರು ಜನವರಿ ಬರುತ್ತಲೇ ಲೆಕ್ಕದಲ್ಲಿ ಒಂದು ವರ್ಷ ಹಳೆಯದಾಗುತ್ತದೆ.

ಒಳ್ಳೆಯ ಕಾರಿಗೂ ಕಡಿಮೆ ಬೆಲೆ ಕೇಳುವುದೇಕೆ? ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕೆರ್ಲಾಫ್ 1970ರಲ್ಲಿ ಬರೆದ ಪ್ರಬಂಧದಲ್ಲಿ ಹಳೆ ಕಾರಿನ ಮಾರುಕಟ್ಟೆಯನ್ನೇ ಉದಾಹರಣೆಯಾಗಿ ತೆಗೆದುಕೊಂಡರು. ಕಾರಿನ ದೋಷ ಮಾರುವವರಿಗೆ ಗೊತ್ತು, ಕೊಳ್ಳುವವರಿಗೆ ಗೊತ್ತಿಲ್ಲ. ಹಾಗಾಗಿ ಕೊಳ್ಳುವವರು ಪ್ರತಿ ಕಾರಿಗೂ ಹೆದರಿಕೆಯ ಬೆಲೆ ಕೇಳುತ್ತಾರೆ. ಆ ಬೆಲೆಗೆ ಒಳ್ಳೆಯ ಕಾರಿನವರು ಮಾರಲು ಒಪ್ಪುವುದಿಲ್ಲ, ಮಾರುಕಟ್ಟೆಯಲ್ಲಿ ಕೆಟ್ಟವೇ ಹೆಚ್ಚು ಉಳಿಯುತ್ತವೆ. ಈ ವಿಚಾರಕ್ಕಾಗಿ ಅವರಿಗೆ 2001ರಲ್ಲಿ ನೊಬೆಲ್ ಬಹುಮಾನದ ಪಾಲು ಸಿಕ್ಕಿತು. ಮಾರುವವರಿಗೆ ಇದರಲ್ಲಿ ಲಾಭದ ಪಾಠವಿದೆ. ಸರ್ವೀಸ್ ಬಿಲ್, ವಿಮಾ ಪತ್ರ, ಸಾಲ ತೀರಿದ ಪತ್ರ ಒಂದು ಫೈಲಿನಲ್ಲಿ ಇಟ್ಟುಕೊಂಡವರು ಹೆಚ್ಚು ಬೆಲೆ ಕೇಳಬಹುದು. ಕೊಳ್ಳುವವರ ಹೆದರಿಕೆ ಕಡಿಮೆಯಾದಷ್ಟೂ ಬೆಲೆ ಏರುತ್ತದೆ.

ಮುಂಗಡ ಕೊಡುವ ಮೊದಲು

1. ಎಂಪರಿವಾಹನ್ ಆ್ಯಪ್‌ನಲ್ಲಿ ಕಾರಿನ ನಂಬರ್ ಹಾಕಿ. ನೋಂದಣಿ ದಿನಾಂಕ, ಇಂಧನ, ವಿಮೆ ಮುಗಿಯುವ ದಿನ ಹೊಂದುತ್ತವೆಯೇ, ಸಾಲದ ನಮೂದು ಇದೆಯೇ ನೋಡಿ.
2. ಮಾರುವವರ ಫೋನಿನಲ್ಲೇ ಡಿಜಿಲಾಕರ್ ತೆರೆಸಿ ಆರ್‌ಸಿ ನೋಡಿ. ಹೆಸರು ಅವರದೇ ಇರಬೇಕು. ಬೇರೆಯವರ ಹೆಸರಿದ್ದರೆ ಆ ಮಾಲೀಕರನ್ನೇ ಭೇಟಿ ಮಾಡಿ.
3. ಇ-ಚಲನ್ ತಾಣದಲ್ಲಿ ಬಾಕಿ ದಂಡ ನೋಡಿ. ಬೆಂಗಳೂರಿನ ಕಾರಾದರೆ ಸಂಚಾರ ಪೊಲೀಸರ ದಾಖಲೆಯನ್ನೂ ನೋಡಿ. ಬಾಕಿಯನ್ನು ಬೆಲೆಯಲ್ಲಿ ಕಳೆಯಿರಿ.
4. ಕಾರಿನ ಮೇಲೆ ಕೊರೆದಿರುವ ಚಾಸಿಸ್ ನಂಬರ್ ಮತ್ತು ಎಂಜಿನ್ ನಂಬರನ್ನು ಆರ್‌ಸಿಯೊಂದಿಗೆ ಅಂಕಿ ಅಂಕಿ ಹೋಲಿಸಿ. ಉಜ್ಜಿದ ಗುರುತಿದ್ದರೆ ಹಿಂದೆ ಸರಿಯಿರಿ.
5. ನಿಮಗೆ ಪರಿಚಯದ ಮೆಕ್ಯಾನಿಕ್‌ಗೆ ತೋರಿಸಿ. ಮಾರುವವರು ಸೂಚಿಸಿದ ಮೆಕ್ಯಾನಿಕ್ ಬೇಡ.
6. ಎಲೆಕ್ಟ್ರಿಕ್ ಕಾರಾದರೆ ಬ್ಯಾಟರಿಯ ವಾರಂಟಿ ಎರಡನೇ ಮಾಲೀಕರಿಗೆ ಎಷ್ಟು ಉಳಿಯುತ್ತದೆ ಎಂದು ಕಂಪನಿಯಿಂದಲೇ ಬರಹದಲ್ಲಿ ಪಡೆಯಿರಿ.
7. ಪೂರ್ತಿ ಹಣ ಕೊಡುವ ದಿನವೇ ವರ್ಗಾವಣೆ ಅರ್ಜಿ ಹಾಕಿ.

ಮಾರುವವರು ಮಾಡಬೇಕಾದದ್ದು ಇನ್ನೂ ಸುಲಭ. ಕಾರು ಕೊಟ್ಟ ದಿನಾಂಕ ಮತ್ತು ಸಮಯ ಬರೆದ ರಸೀದಿಗೆ ಕೊಂಡವರ ಸಹಿ ಪಡೆಯಿರಿ, ಅವರ ಗುರುತಿನ ಚೀಟಿಯ ಪ್ರತಿ ಇಟ್ಟುಕೊಳ್ಳಿ, ಫಾಸ್ಟ್ಯಾಗ್ ಮುಚ್ಚಿಸಿ. ಒಂದು ತಿಂಗಳ ನಂತರ ಎಂಪರಿವಾಹನ್‌ನಲ್ಲಿ ನಿಮ್ಮ ಹಳೆ ನಂಬರ್ ಹಾಕಿ ನೋಡಿ. ಇನ್ನೂ ನಿಮ್ಮ ಹೆಸರಿದ್ದರೆ ಅವತ್ತೇ ಕೊಂಡವರಿಗೆ ಫೋನ್ ಮಾಡಿ, ಆಗದಿದ್ದರೆ ಆರ್‌ಟಿಒಗೆ ಬರಹದಲ್ಲಿ ಕೊಡಿ.

ನಿಮ್ಮ ಮನೆಯಲ್ಲಿ ಅಪ್ಪನೋ ಅಣ್ಣನೋ ಕಳೆದ ಐದಾರು ವರ್ಷಗಳಲ್ಲಿ ಕಾರು, ಬೈಕು ಮಾರಿದ್ದರೆ ಈ ಕೊನೆಯ ಪರೀಕ್ಷೆಯನ್ನು ಇವತ್ತೇ ಮಾಡಿ. ಗ್ರೂಪಿಗೆ ಏನಾದರೂ ಫಾರ್ವರ್ಡ್ ಮಾಡಲೇಬೇಕೆಂದಿದ್ದರೆ ಜಿಎಸ್‌ಟಿ ಸಂದೇಶದ ಬದಲು ಇದನ್ನು ಕಳಿಸಿ.